ಹೆಗಲ ಬೂದಿ

ಏಪ್ರಿಲ್ ಇಲ್ಲಿ ಎಲೆ ಉದುರುವ ತಿಂಗಳು.
ಟಾಸ್ಮೇನಿಯಾದ ನ್ಯೂ ನಾರ್ಫೋಕ್, ಡರ್ವೆಂಟ್ ಹೊಳೆಯ ದಂಡೆ,
ಒಂದು ಕಾಲಕ್ಕೆ ಹಾಪ್ ಒಣಗಿಸುತ್ತಿದ್ದ ಮರದ ಕೊಟ್ಟಿಗೆ.
ಡೆಸ್ಮಂಡ್ ಪೈಬಸ್ ಅಲ್ಲಿ ವರ್ಷಕ್ಕೊಂದೇ ಪೀಪಾಯಿ
ಮಸಾಲೆ ಹಾಕಿದ ಕುಂಬಳಕಾಯಿ ಬಿಯರು ಇಳಿಸುತ್ತಾನೆ,
ರುಚಿ ಹೇಳಲು ನಾಲ್ಕು ಜನರನ್ನು ಕರೆಯುತ್ತಾನೆ.
ನಾನು ಅವನ ಹಲ್ಲಿನ ಡಾಕ್ಟರು.
ಬಲಗಡೆ ಕೆಳದವಡೆ, ಕೊನೆಯಿಂದ ಎರಡನೆಯದು:
ಅದನ್ನು ಉಳಿಸಿಕೊಟ್ಟ ಋಣಕ್ಕೆ ನನಗೊಂದು ಸ್ಟೂಲು,
ಒಂದು ಗ್ಲಾಸು, ಪೆನ್ಸಿಲ್ಲು, ಅಂಕ ಹಾಕುವ ಚೀಟಿ.

ಬಣ್ಣ. ಬೆಳಕಿಗೆ ಹಿಡಿದರೆ
ಎಳೆ ಬರುವುದಕ್ಕೆ ಮೊದಲಿನ ಬೆಲ್ಲದ ಪಾಕ.
ನೊರೆ ಎರಡು ಬೆರಳು, ಬೇಗ ಇಳಿಯಿತು;
ಗಾಜಿಗೊಂದು ಅಂಚು ಉಳಿಯಿತು,
ಮಜ್ಜಿಗೆ ಕುಡಿದವರ ಮೀಸೆ.
ಮೂರಕ್ಕೆ ಎರಡು.

ವಾಸನೆ. ಚಕ್ಕೆ ಮೊದಲು ಬಂತು,
ಕರೆಯದ ನೆಂಟನಂತೆ ತಾನೇ ಮಾತು ಶುರುಮಾಡಿತು.
ಬೆನ್ನಿಗೆ ಒಣಶುಂಠಿ, ಕೆಮ್ಮುತ್ತ.
ಜಾಯಿಕಾಯಿ ಎಲ್ಲೋ ಹಿಂದೆ, ಕಲ್ಲಿನ ಮೇಲೆ ಎರಡೇ ಸುತ್ತು ತೇಯ್ದಷ್ಟು,
ಮಗು ಮಲಗಲು ಸಾಕು, ದೊಡ್ಡವರಿಗೆ ಸಾಲದು.
ಲವಂಗದ ಮಾತು ನನ್ನನ್ನು ಕೇಳಬೇಡಿ.
ನನಗದು ಕಸುಬಿನ ವಾಸನೆ:
ಹತ್ತಿಯ ಉಂಡೆ, ತೆರೆದ ಬಾಯಿ, ಕುರ್ಚಿಯ ತೋಳು ಹಿಡಿದ ಬೆರಳು.
ಕುಡಿಯುವ ಮೊದಲೇ ನನ್ನ ಎಡಗೈ
ಇಲ್ಲದ ಕೈಗವಸನ್ನು ಮೇಲೆಳೆದುಕೊಂಡಿತು.

ರುಚಿ. ತುದಿನಾಲಗೆಗೆ ಸಿಹಿ,
ಹುರಿದ ಧಾನ್ಯದ್ದು, ರೊಟ್ಟಿಯ ಕಪ್ಪು ಚುಕ್ಕೆಯದು.
ಆಮೇಲೆ ಅಂಗುಳಕ್ಕೆ ಹಾಪಿನ ಕಹಿ;
ಹಾಗಲದ ಹಾಗೆ ಜಗಳಕ್ಕೆ ಬರುವುದಲ್ಲ,
ಮೆಂತ್ಯದ ಹಾಗೆ ಊಟ ಮುಗಿದ ಮೇಲೆ ನೆನಪಾಗುವುದು.
ಎರಡರ ನಡುವೆ, ನಾಲಗೆಯ ನಟ್ಟನಡುವೆ,
ಹಬೆಯಲ್ಲಿ ಬೆಂದ ಮೆತ್ತನೆಯದೇನೋ.
ಹಳದಿ. ಹೌದು, ನಾಲಗೆಗೆ ಬಣ್ಣ ಕಂಡಿತು.
ಬರೆದೆ: ಕುಂಬಳ ಸ್ಪಷ್ಟ. ಹೋದ ವರ್ಷಕ್ಕಿಂತ ಮೇಲು.
ಇಪ್ಪತ್ತಕ್ಕೆ ಹದಿನೇಳು.

ಪಕ್ಕದ ಸ್ಟೂಲಿನ ಮರ್ಲ್, ಎಂಬತ್ತು ದಾಟಿದವಳು,
ಮೂರು ತಲೆಮಾರಿನ ಹಾಪ್ ತೋಟದವಳು,
ಗ್ಲಾಸು ಕೆಳಗಿಟ್ಟು ಕೇಳಿದಳು:
"ಡೆಸ್, ಕುಂಬಳಕಾಯಿ ಎಲ್ಲಿ?"

ಅವನು ಮಾತಾಡಲಿಲ್ಲ.
ಬಲಗೈ ಎತ್ತಿ ಎಡಹೆಗಲು ಒರೆಸಿಕೊಂಡ.

ನಾನು ನಕ್ಕುಬಿಟ್ಟೆ. ಯಾಕೆಂದು ಅಲ್ಲಿ ಯಾರಿಗೆ ಹೇಳಲಿ?
ಆ ಗಾದೆ ಅವನ ಅಜ್ಜನೂ ಕೇಳಿದ್ದಲ್ಲ,
ಕೈಗೆ ಹೇಗೆ ಗೊತ್ತಾಯಿತು?
ಇಲ್ಲಿಯ ಕಾಯಿ ದೂರದಿಂದ ಬೂದುಗುಂಬಳವೇ ಸರಿ,
ನೀಲಿಬೂದು ಸಿಪ್ಪೆ. ನಾನೂ ಒಮ್ಮೆ ಮಜ್ಜಿಗೆಹುಳಿಗೆಂದು ಕೊಂಡು,
ಕೊಯ್ದು, ಒಳಗಿನ ಕೇಸರಿಗೆ ಬೆಪ್ಪಾಗಿದ್ದೆ.
ಹೊತ್ತರೆ ಹೆಗಲಿಗೆ ಏನೂ ಮೆತ್ತುವುದಿಲ್ಲ.

ಕೊನೆಗೆ ಹೇಳಿದ. ಫೆಬ್ರವರಿ, ರಾತ್ರಿ, ಪಾಸಮ್‌ಗಳು.
ಹನ್ನೊಂದಕ್ಕೆ ಹನ್ನೊಂದೂ ಕಾಯಿ, ಬೀಜ ಕೂಡ ಬಿಡದೆ.
ಅಂಗಡಿಯದು ಹಾಕಲು ಮನಸ್ಸು ಬರಲಿಲ್ಲ.
ಮಸಾಲೆಯಷ್ಟೇ ಹಾಕಿದೆ,
ಯಾರಿಗೂ ತಿಳಿಯಲಿಕ್ಕಿಲ್ಲ ಅಂದುಕೊಂಡೆ.

ಹಾಗಾದರೆ ನನ್ನ ಹದಿನೇಳು?

ಇನ್ನೊಂದು ಗುಟುಕು ಕುಡಿದೆ. ಈಗಲೂ ಇತ್ತು.
ಗದಗಿನಲ್ಲಿ, ಪಂಪ್ ಸ್ಟೋವು ಭುಸುಗುಡುವ ಮಧ್ಯಾಹ್ನ,
ದೊಡ್ಡವ್ವ ಕುಂಬಳಕ್ಕೆ ಬೆಲ್ಲ ಕಲಸಿ ತಟ್ಟಿ ಕರಿದ ಗಾರಿಗೆ.
ಡಬ್ಬಿಯಿಂದ ಎರಡು ಇಳಿದಿದ್ದವು.
"ಯಾರ್ ತೊಗೊಂಡ್ರವ್ವಾ?" ಅಂದಾಗ
ನಾನು ಮುಟ್ಟಿಕೊಂಡದ್ದು ಹೆಗಲನ್ನಲ್ಲ, ಫ್ರಾಕಿನ ಜೇಬನ್ನು.
ಎಣ್ಣೆ ಆಗಲೇ ಹೊರಗೆ ಬಂದಿತ್ತು.

ಅಳಿಸಲು ರಬ್ಬರು ಹುಡುಕಿದೆ, ಇರಲಿಲ್ಲ.
ಮರ್ಲ್ ನಾಲ್ಕು ಹಾಕಿ ಕೋಟು ತೊಟ್ಟಾಗಿತ್ತು.
ಡೆಸ್ಮಂಡ್ ನನ್ನ ಚೀಟಿಯನ್ನು ದೀಪಕ್ಕೆ ಹಿಡಿದು
ನಿಧಾನಕ್ಕೆ ಓದಿದ, ಉಳಿದ ಹಲ್ಲೂ ಕಾಣುವ ಹಾಗೆ:
"ಡಾಕ್ಟರ್, ಕುಂಬಳ ಸ್ಪಷ್ಟ?"

ನನ್ನ ಕೈ ಏಳತೊಡಗಿತು.
ಗ್ಲಾಸಿನ ಸುತ್ತ ಗಟ್ಟಿಯಾಗಿ ಹಿಡಿದು ಕೂರಿಸಿದೆ.